ಟೇಪಮ್ಮನ ಪಟ್ಟಿ ಚಡ್ಡಿ

ಕೆಲಸದ ಹೊತ್ತಿನಲ್ಲಿ ಟೇಪಮ್ಮನ ಬಾಯಿಂದ ಬರುತ್ತಿದ್ದದ್ದು ಎರಡೇ ಮಾತು. ಒಂದು ‘ಪಾಸು’, ಇನ್ನೊಂದು ‘ವಾಪಸು’. ಸಿದ್ಧ ಉಡುಪಿನ ಕಾರ್ಖಾನೆಯ ಮೂರನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಉದ್ದನೆಯ ಮೇಜಿನ ಮುಂದೆ ಮೂವತ್ತೊಂದು ವರ್ಷದಿಂದ ಅವಳು ನಿಂತೇ ಇದ್ದಳು. ಅಂಗಿ ಬರಲಿ, ಪ್ಯಾಂಟು ಬರಲಿ, ಮೇಜಿನ ಮೇಲೆ ಹಾಸಿ, ಅಂಗೈಯಿಂದ ಒಮ್ಮೆ ಸವರಿ, ಕುತ್ತಿಗೆಯಲ್ಲಿ ನೇತಾಡುವ ಟೇಪನ್ನು ಎಳೆದು ಎದೆ, ಸೊಂಟ, ತೋಳು ಅಳೆದು ಮೊಹರು ಒತ್ತುವುದು ಅವಳ ಕೆಲಸ. ಕಾಲಿಂಚು ಆಚೀಚೆಯಾದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಅರ್ಧ ಇಂಚಾದರೆ ವಾಪಸು. ಸೂಪರ್‌ವೈಸರ್ ಬಂದು ಹಲ್ಲು ಗಿಂಜಿದರೂ ಅಷ್ಟೇ, ಮ್ಯಾನೇಜರ್ ಬಂದು ಕಣ್ಣು ಕೆಂಪಗೆ ಮಾಡಿದರೂ ಅಷ್ಟೇ. ಹೆತ್ತವರು ಇಟ್ಟ ಹೆಸರೊಂದು ಸಂಬಳದ ಚೀಟಿಯಲ್ಲಿ ಇತ್ತಂತೆ. ಅದನ್ನು ಹಿಡಿದು ಕರೆದವರನ್ನು ನಾನಂತೂ ಕಾಣೆ.

ಅವಳದೊಂದು ಸಿದ್ಧಾಂತವಿತ್ತು. ಬಟ್ಟೆ ಮೈಗೆ ಹಿಡಿಸದಿದ್ದರೆ ತಪ್ಪು ಬಟ್ಟೆಯದು, ಮೈಯದಲ್ಲ. ಹೊಲಿಗೆಯ ಸಾಲಿನ ಯಾವಳಾದರೂ ‘ದಪ್ಪ ಆಗ್ಬಿಟ್ಟೆ ಅಕ್ಕಾ’ ಎಂದು ಮುಖ ಸಣ್ಣದು ಮಾಡಿದರೆ ಟೇಪಮ್ಮ ಗದರುತ್ತಿದ್ದಳು: “ನಿನಗೇನೂ ಆಗಿಲ್ಲ. ಕತ್ತರಿ ಹಾಕ್ದೋನಿಗೆ ಬುದ್ಧಿ ಸರಿ ಇಲ್ಲ. ಹೋಗಿ ಕೆಲಸ ನೋಡು.” ಇಂಥ ಹೆಂಗಸು ತನ್ನ ಬಟ್ಟೆಯ ಅಳತೆಯಲ್ಲೇ ಮುಗ್ಗರಿಸಿದಳು ಎಂದರೆ ಯಾರು ನಂಬುತ್ತಾರೆ? ನಂಬಬೇಕು, ಏಕೆಂದರೆ ಈ ಕತೆ ಅದರದೇ.

ಕಾರ್ಖಾನೆ ಮನೆಯಿಂದ ಐದು ಕಿಲೋಮೀಟರ್. ಬಸ್ಸಿಗೆ ಕಾಯುವುದೆಂದರೆ ಅವಳಿಗೆ ಮೈಯೆಲ್ಲ ಉರಿ. ಹಾಗಾಗಿ ಮೊದಲಿಂದಲೂ ಸೈಕಲ್ಲೇ. ಮೂರು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ಹೆಚ್ಚುವರಿ ಕೆಲಸಕ್ಕೆಂದು ಹೊರಟವಳು, ಸೇತುವೆಯ ಏರಿನಲ್ಲಿ ಏದುಸಿರು ಬಿಡುತ್ತಿದ್ದ ಎಂಟು ಗಂಡಸರನ್ನು ಹಿಂದೆ ಹಾಕಿಬಿಟ್ಟಳು. ಅವರ ಮೈಮೇಲೆ ಬಣ್ಣಬಣ್ಣದ ಬಿಗಿ ಬಟ್ಟೆ, ಕೆಳಗೆ ಗರಿ ಹಗುರದ ಸೈಕಲ್ಲು. ಇವಳ ಹ್ಯಾಂಡಲ್ಲಿಗೆ ಊಟದ ಡಬ್ಬಿ. ಗುಂಪಿನ ಮುಖ್ಯಸ್ಥ ಒಬ್ಬ ಹಲ್ಲಿನ ಡಾಕ್ಟರು. ಅವರು ಬೆನ್ನಟ್ಟಿಕೊಂಡು ಬಂದು, ದಮ್ಮು ಸುಧಾರಿಸಿಕೊಂಡು, “ನಮ್ಮ ಗುಂಪಿಗೆ ಬರ್ತೀರಾ?” ಎಂದು ಕೇಳಿದರು. ಟೇಪಮ್ಮ ಹೋದಳು. ಯಾರೋ ಮಾರಿದ ಹಳೆಯ ಬಾಗು ಹ್ಯಾಂಡಲ್ಲಿನ ಸೈಕಲ್ಲೊಂದನ್ನು ಕೊಂಡಳು. ಗುಂಪಿನಲ್ಲಿ ಹೆಂಗಸು ಅಂತ ಇದ್ದವಳು ಅವಳೊಬ್ಬಳೇ.

ಆ ಗುಂಪಿನವರು ವರ್ಷಕ್ಕೊಮ್ಮೆ ಇನ್ನೂರು ಕಿಲೋಮೀಟರಿನ ಸೈಕಲ್ ಓಟ ಇಡುತ್ತಿದ್ದರು. ಬೆಳಿಗ್ಗೆ ಐದಕ್ಕೆ ಹೊರಟು ಸಂಜೆ ಆರೂವರೆಯ ಒಳಗೆ ಮುಟ್ಟಬೇಕು. ಹೋದ ವರ್ಷ ಟೇಪಮ್ಮನೂ ಹೆಸರು ಕೊಟ್ಟಳು. ಅಷ್ಟು ದೂರಕ್ಕೆ ಮಾಮೂಲು ಬಟ್ಟೆ ಆಗದು, ಬಿಬ್ ಶಾರ್ಟ್ಸ್ ಬೇಕು ಎಂದರು ಡಾಕ್ಟರು. ಕೆಳಗೆ ಪ್ಯಾಡು ಕೂಡಿಸಿ ಹೊಲಿದ, ಮೇಲೆ ಭುಜಕ್ಕೆ ಎರಡು ಪಟ್ಟಿ ಇರುವ ಬಿಗಿ ಚಡ್ಡಿ ಅದು. ಮನೆಯಲ್ಲಿ ಅದಕ್ಕೆ ‘ಪಟ್ಟಿ ಚಡ್ಡಿ’ ಎಂದೇ ಹೆಸರಾಯಿತು.

ಸೈಕಲ್ ಅಂಗಡಿಯವನು ಅವಳ ಸೊಂಟ, ಪೃಷ್ಠದ ಅಳತೆ ಕೇಳಿಕೊಂಡು, ಗೋಡೆಯ ಮೇಲಿನ ಸೈಜುಗಳ ಪಟ್ಟಿ ನೋಡಿ, ಲಾರ್ಜ್ ಕೊಟ್ಟಿದ್ದ. ಟೇಪಮ್ಮ ಟ್ರಯಲ್ ರೂಮಿನಲ್ಲಿ ತೊಟ್ಟು ನೆಟ್ಟಗೆ ನಿಂತಳು. ಭುಜದ ಪಟ್ಟಿ ಹಗ್ಗ ಕಟ್ಟಿ ಎಳೆದ ಹಾಗೆ ಎಳೆಯಿತು. ಹೊಟ್ಟೆಯ ಮುಂಭಾಗ ಗಿಡ್ಡ. ಹೊರಗೆ ಬಂದವಳೇ, “ಇದು ಲಾರ್ಜಾ? ಯಾರ ಅಳತೆಗೆ? ಮೂವತ್ತು ವರ್ಷದಿಂದ ಅಳೀತಿದೀನಿ, ನನಗೇ ಟೋಪಿ ಹಾಕ್ತೀರಾ?” ಎಂದು ಶುರು ಮಾಡಿದಳು. ಆತ ಮೆಲ್ಲಗೆ, “ನಿಂತಾಗ ಹಾಗೇ ಅನ್ಸುತ್ತೆ ಅಮ್ಮ…” ಎಂದ. ಅವನ ಮಾತು ಯಾರಿಗೆ ಬೇಕಿತ್ತು? ಡಬಲ್ ಎಕ್ಸೆಲ್ ತೆಗೆಸಿ ತೊಟ್ಟಳು. ನಿಂತರೆ ಆರಾಮು, ನಡೆದರೆ ಆರಾಮು. ಪಾಸು ಮಾಡಿ ಮನೆಗೆ ತಂದಳು.

ಆಮೇಲಿನದು ಕೇಳಿ. ಹೊಸ ಚಡ್ಡಿ ಓಟದ ದಿನವೇ ಮೊದಲು ರಸ್ತೆಗಿಳಿಯಿತು. ತೊಂಬತ್ತನೇ ಕಿಲೋಮೀಟರಿನಲ್ಲಿ ಬಟ್ಟೆ ತೊಡೆಸಂದಿಯಲ್ಲಿ ಮಡಿಚಿಕೊಂಡಿತು. ಪ್ಯಾಡು ಇರಬೇಕಾದ ಜಾಗ ಬಿಟ್ಟು ಹಿಂದೆ ಮುಂದೆ ಓಡಾಡಲು ಶುರುವಾಯಿತು. ನೂರಿಪ್ಪತ್ತಕ್ಕೆ ಚರ್ಮ ಕಿತ್ತಿತು. ನೂರನಲವತ್ತಕ್ಕೆ ಸೀಟಿನ ಮೇಲೆ ಕೂರುವುದು ಜಪ್ಪಯ್ಯ ಎಂದರೂ ಆಗಲಿಲ್ಲ. ಸೋತವರನ್ನು ತುಂಬಿಕೊಳ್ಳಲು ಹಿಂದೆ ಬರುವ ಗಾಡಿಯಲ್ಲಿ, ಹಗ್ಗ ಕಟ್ಟಿದ ಸೈಕಲ್ಲಿನ ಪಕ್ಕ ನಿಂತುಕೊಂಡೇ ಅವಳು ಊರಿಗೆ ಬಂದಳು. ಹತ್ತು ದಿನ ಮಗಳೇ ಗಾಯಕ್ಕೆ ಮುಲಾಮು ಹಚ್ಚಿದಳು, ಹಲ್ಲು ಕಚ್ಚಿಕೊಂಡು, ಒಂದೂ ಮಾತಾಡದೆ.

ಮಾತಾಡಿದವರು ಉಳಿದವರು. ಎಲ್ಲರದೂ ಒಂದೇ ಪಲ್ಲವಿ: ವಯಸ್ಸಾಯಿತು. ಐವತ್ತೈದು ಅಂದರೆ ಕಡಿಮೆಯೇ? ಈ ವರ್ಷ ಹೆಸರು ಬರೆಸಲು ಹೋದಾಗ ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು.

“ಟೇಪಮ್ಮನವರೇ, ಮತ್ತೆ ಯಾಕೆ ಈ ಒದ್ದಾಟ? ನೂರನಲವತ್ತನೇ ಕಿಲೋಮೀಟರಿನ ಶಾಲೆ ಹತ್ರ ಮೇಜು ಹಾಕ್ತೀವಿ. ನೀವು ಆರಾಮಾಗಿ ಕುರ್ಚಿ ಮೇಲೆ ಕೂತು, ಬಂದೋರ ಕಾರ್ಡಿಗೆ ಮೊಹರು ಒತ್ತಿ. ನಿಮಗೂ ಒಂದು ಗೌರವ ಇರುತ್ತೆ.”

“ಮೊಹರು ಒತ್ತೋದು ಮೂವತ್ತೊಂದು ವರ್ಷ ಮಾಡಿದೀನಿ ಡಾಕ್ಟ್ರೇ, ಅದೂ ನಿಂತ್ಕೊಂಡು. ಕುರ್ಚಿ ಬೇಡ. ಓಡಿಸೋರ ಪಟ್ಟೀಲಿ ಬರ್ಕೊಳ್ಳಿ.”

“ಈ ಸಲಾನೂ ಮಧ್ಯದಲ್ಲಿ ಇಳಿದ್ರೆ?”

“ಇಳಿದ್ರೆ ಮುಂದಿನ ವರ್ಷದಿಂದ ನಾನೇ ಬಂದು ನಿಮ್ಮ ಕುರ್ಚಿ ಮೇಲೆ ಕೂರ್ತೀನಿ. ಆಮೇಲೆ ಏಳೋದೇ ಇಲ್ಲ. ಸೈಕಲ್ಲೂ ಮಾರಿಬಿಡ್ತೀನಿ.”

ಆಡಿದ ಮಾತು ಆಡಿದ್ದಾಯಿತು. ಮೂವತ್ತು ಜನ ಕೇಳಿಸಿಕೊಂಡಿದ್ದರು. ಆಡಿದ್ದೇನೆಂದು ಅವಳಿಗೆ ಹೊಳೆದದ್ದು ಮನೆಗೆ ಬರುವ ದಾರಿಯಲ್ಲಿ. ಸೈಕಲ್ ಇಲ್ಲದ ತನ್ನನ್ನು ಅವಳು ಯೋಚಿಸಿಯೇ ಇರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಅವಳು ಆ ಡಬಲ್ ಎಕ್ಸೆಲ್ ಚಡ್ಡಿಯನ್ನು ಚೀಲದಿಂದ ತೆಗೆದು ತನ್ನ ಮೇಜಿನ ಮೇಲೆ ಹಾಸಿದಳು. ಸೊಂಟ ಅಳೆದಳು, ತೊಡೆ ಅಳೆದಳು, ಪಟ್ಟಿಯ ಉದ್ದ ಎರಡೂ ಕಡೆ ಅಳೆದಳು. ಹೊಲಿಗೆ ಒಳಗೂ ಹೊರಗೂ ತಿರುವಿ ನೋಡಿದಳು. ಎಲ್ಲಾದರೂ ಅರ್ಧ ಇಂಚು ಸಿಕ್ಕಿದ್ದರೆ ಅವಳಿಗೆ ಹಬ್ಬವಾಗುತ್ತಿತ್ತು. ಕಾಲಿಂಚೂ ಸಿಗಲಿಲ್ಲ. ಬಟ್ಟೆ ಪಾಸು. ಹಾಗಾದರೆ ತಪ್ಪಿದ್ದು ಮೈಯೇ? ಮೂವತ್ತೊಂದು ವರ್ಷ ಊರಿಗೆಲ್ಲ ಹೇಳಿದ ಮಾತು ತನ್ನ ಪಾಲಿಗೆ ಮಾತ್ರ ಸುಳ್ಳೇ? ಆವತ್ತು ಮಧ್ಯಾಹ್ನ ಅವಳು ಒಂದು ಪೀಸನ್ನೂ ವಾಪಸು ಕಳಿಸಲಿಲ್ಲವೆಂದು ಸೂಪರ್‌ವೈಸರ್ ಬಂದು ಜ್ವರವೇ ಎಂದು ವಿಚಾರಿಸಿದ.

ಉತ್ತರ ಸಿಕ್ಕಿದ್ದು ಗಂಡನಿಂದ. ಅವರನ್ನು ಬೀದಿಯವರು ‘ವಾಚಿನವರು’ ಎನ್ನುತ್ತಿದ್ದರು. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ದಿನವಿಡೀ ಗಡಿಯಾರದ ಮೇಲೆ ಬಗ್ಗಿ ಕೂರುವುದು ಅವರ ಹೊಟ್ಟೆಪಾಡು. ಅವರ ಅಂಗಿಗಳನ್ನು ಟೇಪಮ್ಮನೇ ಹೊಲಿಯುತ್ತಿದ್ದಳು. ಆ ಭಾನುವಾರ ಬಟ್ಟೆಗೆ ಕತ್ತರಿ ಹಾಕುವಾಗ ಅವರು ಕುರ್ಚಿಯಿಂದಲೇ ನೆನಪಿಸಿದರು.

“ಏನೇ, ಹಿಂದಗಡೆ ಎರಡಿಂಚು ಜಾಸ್ತಿ ಬಿಡೋದು ಮರೀಬೇಡ.”

“ಇಪ್ಪತ್ತು ವರ್ಷದಿಂದ ಬಿಡ್ತಿಲ್ವೇನ್ರೀ? ನಿಂತ್ರೆ ಬಾಲ ಕಾಣುತ್ತೆ ಅಂತ ಮಗಳು ನಗ್ತಾಳೆ ಅಷ್ಟೆ.”

“ನಗ್ಲಿ ಬಿಡು. ನಾನು ನಿಂತ್ಕೊಂಡು ದುಡಿಯೋನಲ್ಲ. ಬಗ್ಗಿದಾಗ ಬೆನ್ನು ಮುಚ್ಚಿದ್ರೆ ನನಗೆ ಸಾಕು.”

ಟೇಪಮ್ಮನ ಕೈಯ ಕತ್ತರಿ ಅಲ್ಲೇ ನಿಂತಿತು. ಬಗ್ಗಿದರೆ ಬೆನ್ನು ಉದ್ದವಾಗುತ್ತದೆ, ಹೊಟ್ಟೆ ಗಿಡ್ಡವಾಗುತ್ತದೆ. ಸೈಕಲ್ಲಿನ ಚಡ್ಡಿ ಬಗ್ಗಿದ ಮೈಗೆ ಕತ್ತರಿಸಿದ್ದು. ನಿಂತಾಗ ಪಟ್ಟಿ ಎಳೆಯಲೇಬೇಕು, ಮುಂದೆ ಗಿಡ್ಡ ಅನ್ನಿಸಲೇಬೇಕು, ಬಗ್ಗಿ ಹ್ಯಾಂಡಲ್ ಹಿಡಿದ ಕೂಡಲೇ ಎಲ್ಲ ಸರಿಹೋಗಬೇಕು. ಇಪ್ಪತ್ತು ವರ್ಷ ಗಂಡನ ಬೆನ್ನಿಗೆ ಎರಡಿಂಚು ಬಿಟ್ಟವಳು ತನ್ನ ಬೆನ್ನನ್ನು ಮರೆತಿದ್ದಳು. ಮೇಜಿನ ಮೇಲೆ ಹಾಸಿ ಅಳೆಯುವ ಅಭ್ಯಾಸದವಳು ತನ್ನನ್ನೂ ಹಾಗೆಯೇ ನೆಟ್ಟಗೆ ಹಾಸಿ ಅಳೆದಿದ್ದಳು.

“ನಿಮ್ಮ ಬಾಯಿಗೆ ಸಕ್ಕರೆ ಹಾಕ,” ಎಂದಳು. ವಾಚಿನವರಿಗೆ ಏನೂ ಅರ್ಥವಾಗಲಿಲ್ಲ, ಎರಡಿಂಚು ಸಿಕ್ಕರೆ ಸಾಕಾಗಿತ್ತು.

ಸಂಜೆಯೇ ಸೈಕಲ್ ಅಂಗಡಿಗೆ ಹೋದಳು. ಅವಳನ್ನು ಕಂಡವನೇ ಅಂಗಡಿಯವನು ಕೌಂಟರಿನ ಹಿಂದೆ ಅರ್ಧ ಅಡಿ ಸರಿದ.

“ಅಮ್ಮಾ, ವಾಪಸ್ ತಗೊಳ್ಳಕ್ಕಾಗಲ್ಲ. ವರ್ಷ ಆಗ್ತಾ ಬಂತು.”

“ಚಡ್ಡಿ ವಾಪಸ್ ಕೊಡಕ್ಕೆ ಬಂದಿಲ್ಲ. ಹೋದ ವರ್ಷ ನಿಮ್ಮನ್ನ ಬೈದಿದ್ನಲ್ಲ, ಅದನ್ನ ವಾಪಸ್ ತಗೊಳ್ಳಕ್ಕೆ ಬಂದೆ. ನೀವು ಹೇಳಿದ್ದೇ ಸರಿ. ಈಗ ಲಾರ್ಜ್ ತೆಗೀರಿ, ಒಂದು ಸೈಕಲ್ಲನ್ನ ಸ್ಟ್ಯಾಂಡಿಗೆ ಹಾಕಿ.”

“ಅಂಗಡಿ ಮಧ್ಯದಲ್ಲಾ?”

“ಮತ್ತೆ ನಿಮ್ಮ ಟ್ರಯಲ್ ರೂಮಲ್ಲಿ ಸೈಕಲ್ ಹಿಡಿಯುತ್ತಾ?”

ಲಾರ್ಜ್ ತೊಟ್ಟು ಹೊರಬಂದಳು. ಭುಜ ಎಳೆಯಿತು, ಎಳೆಯಲಿ ಎಂದುಕೊಂಡಳು. ಟೈರು ಕೊಳ್ಳಲು ಬಂದಿದ್ದ ಇಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತುಟಿ ಒಳಗೆ ನಕ್ಕರು. ಟೇಪಮ್ಮ ಸೈಕಲ್ ಹತ್ತಿ, ಬಾಗಿ, ಕೆಳಗಿನ ಹ್ಯಾಂಡಲ್ ಹಿಡಿದು, ತಲೆ ಮಾತ್ರ ತಿರುಗಿಸಿದಳು.

“ನೋಡೋದಿದ್ರೆ ಹತ್ರ ಬಂದು ನೋಡಿ. ಬೆನ್ನ ಕೆಳಗೆ ಬಟ್ಟೆ ಎಲ್ಲಾದ್ರೂ ಸುಕ್ಕಾಗಿದೆಯಾ ಹೇಳಿ. ನನಗೆ ಹಿಂದೆ ಕಣ್ಣಿಲ್ಲ.”

ಇಬ್ಬರಿಗೂ ಇಂಗು ತಿಂದ ಮಂಗನ ಹಾಗಾಯಿತು. ಒಬ್ಬಾತ ಗಂಟಲು ಸರಿಮಾಡಿಕೊಂಡು, “ಇಲ್ಲ ಮೇಡಂ, ಸುಕ್ಕಿಲ್ಲ,” ಎಂದ. ಕಾಲು ಗಂಟೆ ಅಲ್ಲೇ ಪೆಡಲ್ ತುಳಿದಳು. ಭುಜದ ಪಟ್ಟಿ ಸಡಿಲವಾಗಿ ಮೈಗೆ ಸುಮ್ಮನೆ ಅಂಟಿಕೊಂಡಿತು. ಹೊಟ್ಟೆ ಹಿಂಡಲಿಲ್ಲ. ತೊಡೆಯ ಅಂಚಿನ ಎಲಾಸ್ಟಿಕ್ ಒಳಗೆ ಬೆರಳು ತೂರಿಸಿ ನೋಡಿದಳು, ಕಚ್ಚುವುದಿಲ್ಲ, ಮೇಲೆ ಜಾರುವುದೂ ಇಲ್ಲ. ಸೀಟಿನಿಂದ ಎದ್ದು ಕೂತಳು, ಪಕ್ಕಕ್ಕೆ ಸರಿದು ಕೂತಳು. ಪ್ಯಾಡು ಮೈ ಬಿಟ್ಟು ಎಲ್ಲೂ ಹೋಗಲಿಲ್ಲ. ಒಂದು ಮೀಡಿಯಂ ಕೂಡ ತೊಟ್ಟು ನೋಡಿದಳು. ಅದು ತೊಡೆಗೆ ಗೆರೆ ಕೊರೆಯಿತು, ಉಸಿರು ಹಿಡಿಯಿತು. ವಾಪಸು.

ಬಿಲ್ಲು ಬರೆಯುವಾಗ ಅಂಗಡಿಯವನು ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಕೊನೆಗೆ ಬಿಲ್ಲಿನ ಹಿಂಬದಿಯಲ್ಲಿ ಒಂದು ಸಾಲು ಬರೆದು ಅವಳ ಕಡೆ ತಿರುಗಿಸಿದ. ಟೇಪಮ್ಮ ಜೋರಾಗಿಯೇ ಓದಿದಳು: “‘ಅಂಗಡಿಯಲ್ಲಿ ಹಾಕಿ ನೋಡುವಾಗ ಪರವಾಗಿಲ್ಲ, ಓಡಿಸುವಾಗ ಇದರ ಒಳಗೆ ಬೇರೆ ಒಳಚಡ್ಡಿ ಹಾಕಬಾರದು.’ ಹೌದಾ? ಇದನ್ನ ಹೋದ ವರ್ಷ ಯಾಕೆ ಹೇಳ್ಲಿಲ್ಲ?”

“ನಾಚಿಕೆ ಆಯ್ತಮ್ಮ,” ಎಂದ ಆತ, ನೆಲ ನೋಡುತ್ತ.

“ಚೆನ್ನಾಯ್ತು. ನಾಚಿಕೆ ನಿಮಗೆ, ಗಾಯ ನನಗೆ.”

ಮಾತು ಚುರುಕಾಗಿಯೇ ಬಂತು. ಆದರೆ ನಾಚಿಕೆ ಎಂಬ ಶಬ್ದ ಎಲ್ಲೋ ಮುಳ್ಳಿನ ಹಾಗೆ ಚುಚ್ಚಿತ್ತು. ದಾರಿಯುದ್ದಕ್ಕೂ ಅದನ್ನೇ ಕೆದಕುತ್ತ ಮನೆಗೆ ಬಂದಳು.

ಮಗಳು ಶಾಲೆಯಲ್ಲಿ ಟೀಚರು. ಹೊಸ ಚಡ್ಡಿ ಹಗ್ಗದ ಮೇಲೆ ಒಣಗುತ್ತಿದ್ದುದನ್ನು ಕಂಡು ಮುಖ ಗಂಟಿಕ್ಕಿದಳು.

“ಇದು ಹೋದ ವರ್ಷದ್ದಕ್ಕಿಂತ ಬಿಗಿ ಅಲ್ವೇನಮ್ಮ? ನನ್ನ ಸ್ಕೂಲಿನ ಮಕ್ಕಳೆಲ್ಲ ಈ ಬೀದೀಲೇ ಇರೋದು. ಮೇಲೊಂದು ಶಾಲಾದ್ರೂ ಸುತ್ಕೋ.”

“ಶಾಲು ಚೈನಿಗೆ ಸಿಕ್ಕಿದ್ರೆ ನಾನು ಮೋರಿಗೆ ಬೀಳ್ತೀನಿ.”

“ತಮಾಷೆ ಬೇಡ. ಜನ ನೋಡ್ತಾರೆ.”

ಟೇಪಮ್ಮ ಚಡ್ಡಿಯನ್ನು ಹಗ್ಗದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವಳು ಹೀಗೆ ಮೆತ್ತಗೆ ಮಾತಾಡಿದ್ದನ್ನು ಮಗಳು ಕೇಳಿದ್ದು ಕಡಿಮೆ.

“ಒಂದು ವಿಷಯ ಹೇಳ್ತೀನಿ ಕೇಳು ಮಗಳೇ. ಹೋದ ವರ್ಷ ಪಟ್ಟಿ ಎಳೀತು ಅಂತ ದೊಡ್ಡದು ತಗೊಂಡೆ ಅಂತ ಎಲ್ಲರಿಗೂ ಹೇಳಿದೀನಿ. ನನಗೆ ನಾನೂ ಹಾಗೇ ಹೇಳ್ಕೊಂಡಿದ್ದೆ. ಅರ್ಧ ನಿಜ ಅಷ್ಟೆ. ಆ ರೂಮಲ್ಲಿ ಕನ್ನಡಿ ಇತ್ತು. ತೊಡೆ, ಹೊಟ್ಟೆ, ಹಿಂದೆ ಮುಂದೆ ಎಲ್ಲ ಇದ್ದಂಗೇ ಕಾಣ್ತು. ಈ ಬೀದೀಲಿ ಹೀಗೆ ಹೋಗೋದು ಹೇಗಪ್ಪಾ ಅನ್ನಿಸ್ತು. ಮುಚ್ಕೊಳ್ಳಕ್ಕೆ ದೊಡ್ಡದು ತಗೊಂಡೆ. ಅಳತೆ ಗೊತ್ತಿಲ್ದೆ ಅಲ್ಲ ಕಣೆ, ಹೆದರಿಕೊಂಡು. ಆ ಹೆದರಿಕೆಗೇ ನೀನು ಹತ್ತು ದಿನ ಮುಲಾಮು ಹಚ್ಚಿದ್ದು.”

ಟೇಪಮ್ಮ ಎದ್ದು ನಿಂತಳು, ದನಿಯೂ ಮಾಮೂಲಿಗೆ ಬಂತು.

“ಹೊರಗಿನೋರಿಗೆ ಹೆದರಿದ್ದು ಸಾಕು. ನೋಡಿದ್ರೆ ಅವರ ಕಣ್ಣು ನೋಯುತ್ತೆ, ನನ್ನ ತೊಡೆ ಅಲ್ಲ.”

ಮುಂದಿನ ಎರಡು ತಿಂಗಳು ಅವಳು ಅದೇ ಚಡ್ಡಿಯಲ್ಲಿ ಮೊದಲು ನಲವತ್ತು, ಆಮೇಲೆ ಎಪ್ಪತ್ತು, ಆಮೇಲೆ ನೂರು ಕಿಲೋಮೀಟರ್ ಓಡಿಸಿ ಪರೀಕ್ಷೆ ಮಾಡಿದಳು. ಓಟದ ದಿನ ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಟ್ಟಳು. ಶಾಲು ಬಾಗಿಲ ಹಿಂದೆ ಮೊಳೆಯ ಮೇಲೇ ಉಳಿಯಿತು. ಬಾಗಿಲು ತೊಳೆಯುತ್ತಿದ್ದ ಎದುರುಮನೆಯವಳು ಕೈಯಲ್ಲಿ ಚೊಂಬು ಹಿಡಿದೇ ನಿಂತುಬಿಟ್ಟಳು. ಟೇಪಮ್ಮ ಗಂಟೆ ಬಾರಿಸಿ, “ನೀರು ಚೆಲ್ತಿದೆ ನೋಡ್ರೀ,” ಎಂದು ಹೋದಳು.

ತೊಂಬತ್ತನೇ ಕಿಲೋಮೀಟರಿನಲ್ಲಿ ಮೈಯೆಲ್ಲ ಕಿವಿಯಾಗಿ ಕಾದಳು. ಏನೂ ಆಗಲಿಲ್ಲ. ನೂರಿಪ್ಪತ್ತರಲ್ಲಿ ಮಂಡಿ ನೋಯಿತು, ಕುತ್ತಿಗೆ ಸೆಟೆಯಿತು, ಎದುರುಗಾಳಿ ಜೀವ ಹಿಂಡಿತು. ಬೈಯುತ್ತ ತುಳಿದಳು. ಅದೆಲ್ಲ ದಾರಿ ಕೊಟ್ಟ ನೋವು. ಅದನ್ನು ಸಹಿಸಲು ಅವಳು ತಯಾರಾಗಿಯೇ ಬಂದಿದ್ದಳು.

ನೂರನಲವತ್ತರ ಶಾಲೆಯ ಜಗಲಿಯ ಮೇಲೆ ಮೇಜಿತ್ತು, ಕುರ್ಚಿಯಿತ್ತು. ಕುರ್ಚಿಯ ಮೇಲೆ ಕೂತಿದ್ದವಳು ಮಗಳು. ಕೂರಲು ಯಾರೂ ಇಲ್ಲವೆಂದು ಡಾಕ್ಟರು ಹೇಳಿದಾಗ ತಾಯಿಗೆ ತಿಳಿಸದೆ ತಾನೇ ಒಪ್ಪಿಕೊಂಡಿದ್ದಳು. ಮೇಜಿನ ಮೇಲೆ ಮೊಹರು, ಪಕ್ಕದಲ್ಲಿ ಮುಲಾಮು, ಹತ್ತಿ. ಬಾಗಿಲ ಹಿಂದಿನ ಶಾಲು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು.

“ಸಾಕಮ್ಮ,” ಎಂದಳು ಮಗಳು. “ಗಾಡಿ ಇಲ್ಲೇ ಇದೆ. ಇಲ್ಲೀವರೆಗೆ ಬಂದಿದ್ದೇ ದೊಡ್ಡದು. ಯಾರೂ ಏನೂ ಅನ್ನಲ್ಲ.”

“ಅಂದ್ರೂ ನನಗೇನಂತೆ? ಮೊಹರು ಒತ್ತು.”

“ಗಾಯ?”

“ಇಲ್ಲ.”

“ಸುಳ್ಳು ಹೇಳ್ಬೇಡ. ಹೋದ ವರ್ಷಾನೂ ಹೀಗೇ ಇಲ್ಲ ಇಲ್ಲ ಅಂತಿದ್ದೆ.”

ಟೇಪಮ್ಮ ಮಗಳ ಕೈ ಹಿಡಿದು ಖಾಲಿ ತರಗತಿಯೊಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಹೋದ ವರ್ಷ ಹಸಿ ಮಾಂಸ ಕಂಡಿದ್ದ ಜಾಗದಲ್ಲಿ ಈ ಸಲ ಹೊಲಿಗೆ ಒತ್ತಿ ಮೂಡಿದ ಒಂದು ಕೆಂಪು ಗೆರೆ ಮಾತ್ರ ಇತ್ತು. ಮಗಳು ಬಗ್ಗಿ ನೋಡಿದಳು, ಬೆರಳಿಟ್ಟು ನೋಡಿದಳು. ಎದ್ದಾಗ ಅವಳ ಕಣ್ಣು ತುಂಬಿತ್ತು. ಹೊರಗೆ ಬಂದು ಕಾರ್ಡಿಗೆ ಮೊಹರು ಒತ್ತಿದಳು, ಮೇಜು ಅಲುಗುವ ಹಾಗೆ.

ಸಂಜೆ ಆರು ಗಂಟೆ ಹನ್ನೊಂದು ನಿಮಿಷಕ್ಕೆ ಟೇಪಮ್ಮ ಇನ್ನೂರು ಮುಗಿಸಿದಳು. ಡಾಕ್ಟರು ಆಗಲೇ ಮುಗಿಸಿ ಬಾಳೆಹಣ್ಣು ತಿನ್ನುತ್ತಿದ್ದರು. ಓಡಿ ಬಂದು ಕೈ ಕುಲುಕಿದರು.

“ಟೇಪಮ್ಮನವರೇ, ನಿಮಗೆ ವಯಸ್ಸೇ ಆಗಿಲ್ಲ ಬಿಡಿ.”

“ಆಗಿದೆ ಡಾಕ್ಟ್ರೇ. ಐವತ್ತಾರು. ಹೋದ ವರ್ಷ ತಪ್ಪಿದ್ದು ಅಳತೆ, ಅದೂ ನಾನೇ ತಪ್ಪಿದ್ದು. ನನ್ನ ತಪ್ಪನ್ನ ನನ್ನ ವಯಸ್ಸಿನ ತಲೆಗೆ ಕಟ್ಟಬೇಡಿ. ಮುಂದಿನ ವರ್ಷಾನೂ ಓಡಿಸೋರ ಪಟ್ಟೀಲಿ ಬರ್ಕೊಳ್ಳಿ.”

ಮನೆಗೆ ಪೇಟೆಬೀದಿಯ ಮೇಲೇ ಹೋಗಬೇಕು. ಅಂಗಡಿಗಳಿಗೆ ದೀಪ ಹತ್ತಿತ್ತು, ಕಾಲಿಡಲು ಜಾಗವಿರಲಿಲ್ಲ. ಸೈಕಲ್ ತಳ್ಳಿಕೊಂಡು ಟೇಪಮ್ಮ, ಪಕ್ಕದಲ್ಲಿ ಶಾಲೆಯಿಂದ ಗಾಡಿಯಲ್ಲಿ ಬಂದಿಳಿದ ಮಗಳು. ಪಟ್ಟಿ ಭುಜ ಎಳೆಯುತ್ತಿದ್ದುದರಿಂದ ಟೇಪಮ್ಮ ಸ್ವಲ್ಪ ಬಗ್ಗಿಯೇ ನಡೆಯುತ್ತಿದ್ದಳು. ಪಾತ್ರೆ ಅಂಗಡಿಯ ಮುಂದೆ ಯಾವುದೋ ಮಗುವಿನ ತಾಯಿ ಅಡ್ಡ ಬಂದು ನಿಂತಳು. ಟೀಚರಿಗೆ ನಮಸ್ಕಾರ ಹೇಳಿದ ಅವಳ ಕಣ್ಣು ಟೇಪಮ್ಮನ ತೊಡೆಯ ಮೇಲೇ ಇತ್ತು.

“ನಿಮ್ಮ ತಾಯಿ ಅಲ್ವಾ ಟೀಚರ್? ಅಲ್ಲ, ಈ ವಯಸ್ಸಲ್ಲಿ ಇಂಥಾ ಬಟ್ಟೆ… ತುಂಬಾ ಬಿಗಿ ಆಯ್ತೇನೋ.”

ಮಗಳ ಕೈ ಚೀಲದೊಳಗಿನ ಶಾಲಿನ ಮೇಲಿತ್ತು. ಟೇಪಮ್ಮ ಅದನ್ನು ನೋಡಿದಳು. ಮಗಳು ತಾಯಿಯನ್ನು ಭುಜದಿಂದ ಮಂಡಿಯವರೆಗೆ ನಿಧಾನವಾಗಿ ನೋಡಿದಳು. ಆಮೇಲೆ ಕೈ ಹೊರಗೆ ತೆಗೆದು ಚೀಲದ ಜಿಪ್ಪು ಎಳೆದಳು.

“ಪಾಸು,” ಎಂದಳು. “ದಾರಿ ಬಿಡಿ, ನಮ್ಮಮ್ಮ ಬೆಳಿಗ್ಗೆ ಐದರಿಂದ ಸೈಕಲ್ ಮೇಲಿದಾಳೆ.”